ಬೆಚ್ಚಗಿದ್ದ ಎಂಜಿನ್ನು

ಟೊಂಕಾ ಮಾರಿನೋವಿಚ್‌ಗೆ ತನ್ನ ಬೋಟಿನ ಮೇಲಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಅಮೆರಿಕದ ಅನಕೋರ್ಟಿಸ್ ಬಂದರಿನಲ್ಲಿ ಬೋಟು ಕಟ್ಟುವ ಜೆಟ್ಟಿಯ ಮೇಲೆ ಹೋಗುವವರು ಯಾರಾದರೂ ಅವಳ 'ಬುರಾ'ದ ಮುಂದೆ ಎರಡು ಗಳಿಗೆ ನಿಂತರೆ ಸಾಕು, ಹಿತ್ತಾಳೆ ಉಜ್ಜುವ ಬಟ್ಟೆಯನ್ನು ಅಲ್ಲೇ ಬಿಸಾಕಿ, "ಹೊರಗೆ ನಿಂತು ಏನು ನೋಡ್ತೀರಿ, ಒಳಗೆ ಬನ್ನಿ" ಅಂತ ಕರೆದುಬಿಡುತ್ತಿದ್ದಳು. ಒಳಗೆ ಹೋದವರು ಕಾಫಿ ಕುಡಿಯದೆ, ನೆಲದ ಹಲಗೆ ಎತ್ತಿ ಎಂಜಿನ್ನು ನೋಡದೆ ಹೊರಗೆ ಬಂದದ್ದಿಲ್ಲ. ಎಂಜಿನ್ನಿನ ಕೆಳಗೆ ಒಂದು ತೊಟ್ಟು ಎಣ್ಣೆ ಇದ್ದರೆ ಹೇಳಿ. ಊಟಕ್ಕೆ ಎಲೆ ಹಾಕಬಹುದು, ಅಷ್ಟು ಚೊಕ್ಕಟ.

ಬುರಾ ಟ್ರಾಲರ್ ಜಾತಿಯ ಬೋಟು. ಮೈಕಟ್ಟೆಲ್ಲ ಮೀನುದೋಣಿಯದು, ಒಳಗೆ ಮಾತ್ರ ಒಲೆ, ಹಾಸಿಗೆ, ಊಟದ ಮೇಜು ಎಲ್ಲ ಇರುವ ಪುಟ್ಟ ಸಂಸಾರ. ಒಂದೇ ಡೀಸೆಲ್ ಎಂಜಿನ್ನು, ಆನೆ ನಡಿಗೆ. ಅವಸರದವರಿಗೆ ಆಗಿಬರುವುದಿಲ್ಲ. ಆದರೆ ಅಲಾಸ್ಕಕ್ಕೆ ಹೋಗಿ ಬಾ ಅಂದರೆ ಹೋಗಿ ಬರುತ್ತದೆ, ಹೋಗಿಯೂ ಬಂದಿದೆ.

ಮೂವತ್ತು ವರ್ಷಕ್ಕೂ ಹಿಂದೆ ಅವಳು ಇದನ್ನು ತಂದಾಗ ಇಡೀ ಜೆಟ್ಟಿ ನಕ್ಕಿತ್ತು. ಅಪ್ಪನ ಸಾಲ್ಮನ್ ಮೀನಿನ ಬೋಟಿನಲ್ಲಿ ಅಡುಗೆ ಮಾಡಿ, ಗಂಡಸರ ಸಮಸಮ ಬಲೆ ಎಳೆದು, ಒಂಟಿ ಹೆಂಗಸು ತನ್ನ ಸ್ವಂತ ದುಡಿಮೆಯಲ್ಲಿ ತಂದ ಬೋಟು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾಲ್ವರ್ ಸ್ಕೈಯೆ. ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಪೈಪು ಜೋಡಿಸುವ ಕೆಲಸದವನು, ನಾರ್ವೆಯವರ ಮೊಮ್ಮಗ, ಸಮುದ್ರವನ್ನು ತಮ್ಮ ತಾತನೇ ತೋಡಿಸಿದ್ದು ಅನ್ನುವ ಹಾಗೆ ಮಾತಾಡುವವನು. "ನೋಡ್ತಾ ಇರಿ, ಒಂದು ವರ್ಷದಲ್ಲಿ ಮಾರ್ತಾಳೆ" ಅಂದಿದ್ದ. ಅಂದವನು ಮುಂದಿನ ತಿಂಗಳೇ ಏನು ಮಾಡಿದ ಅಂತೀರಿ? ಅದೇ ತೈವಾನಿನ ಕಾರ್ಖಾನೆಯ, ಅದೇ ಅಚ್ಚಿನ, ಅದೇ ವರ್ಷದ ಇನ್ನೊಂದು ಬೋಟು ತಂದು ಅವಳ ಪಕ್ಕದಲ್ಲೇ ಕಟ್ಟಿದ! ಅದರ ಹೆಸರು 'ಲಿಲ್ಲೆಮೋರ್'. ಅಂದಿನಿಂದ ಶುರು ಇಬ್ಬರ ಜಿದ್ದು. ಅವಳು ಡೆಕ್ಕಿನ ತೇಗದ ಹಲಗೆ ಕಿತ್ತು ನೀರಿಳಿಯದ ಹಾಗೆ ಫೈಬರ್ ಹಾಸಿದರೆ, ಇವನು ಡೀಸೆಲ್ ಟ್ಯಾಂಕುಗಳನ್ನೇ ಕಿತ್ತು ಹೊಸದು ಕೂರಿಸಿದ. "ನಿನ್ನ ಟ್ಯಾಂಕು ಯಾವತ್ತು ತೂತಾಗುತ್ತೋ" ಅಂತ ಇವನು, "ನಿನ್ನ ಹಾಸಿಗೆ ಮೇಲೆ ಮಳೆ ಬಿತ್ತಂತಲ್ಲ" ಅಂತ ಅವಳು. ಅವಳಿಗೆ ಬುರಾದ ಮೇಲಿನ ಹೆಮ್ಮೆಯಲ್ಲಿ ಅರ್ಧ ಪಾಲು ಹಾಲ್ವರನನ್ನು ಉರಿಸುವ ಸುಖದ್ದೇ ಆಗಿತ್ತು.

ಈ ಬೇಸಿಗೆಗೆ ಟೊಂಕಾಳ ಎಡಮೊಣಕಾಲು ಕೈಕೊಟ್ಟಿತು. ಎಂಜಿನ್ನಿನ ಗುಂಡಿಗೆ ಇಳಿದರೆ ಹತ್ತಲಾಗದು, ಹತ್ತಿದರೆ ಇಳಿಯಲಾಗದು. ಕಟ್ಟಿಹಾಕಿ ಕೊಳೆಸುವ ಜನ ಇದ್ದಾರೆ, ಅವಳು ಆ ಪೈಕಿಯಲ್ಲ. ಸೋಮವಾರ ಬುರಾದ ಕಿಟಕಿಗೆ 'ಮಾರಾಟಕ್ಕಿದೆ' ಬೋರ್ಡು ಹಾಕಿದಳು. ಮಂಗಳವಾರ ಲಿಲ್ಲೆಮೋರ್‌ಗೂ ಬೋರ್ಡು ಬಿತ್ತು.

"ನಿನ್ನ ಮೊಣಕಾಲು ನೆಟ್ಟಗಿದೆಯಲ್ಲೋ, ನಿಂಗೇನಾಯ್ತು?" ಅಂತ ಕೇಳಿದಳು.

"ನಂಗೂ ಸಾಕಾಯ್ತು" ಅಂದ ಹಾಲ್ವರ್. ಮುಖ ಆ ಕಡೆ ಇತ್ತು.

ಹಾಗಾಗಿ ಒಳನಾಡಿನ ಯಾಕಿಮಾ ಊರಿಂದ ಬಂದ ಟ್ಯಾಗರ್ಟ್ ದಂಪತಿಗೆ ಆಯ್ಕೆ ಕಷ್ಟವಾಯಿತು. ಗಂಡ ಕರ್ಟಿಸ್, ಸೇಬಿನ ಶೀತಲ ಗೋದಾಮಿನಲ್ಲಿ ಯಂತ್ರ ನೋಡಿಕೊಂಡಿದ್ದವನು. ಹೆಂಡತಿ ಲೊರೀನ್, ಶಾಲೆಯಲ್ಲಿ ಮಕ್ಕಳಿಗೆ ವಾದ್ಯ ಕಲಿಸುತ್ತಿದ್ದವಳು. ಇಬ್ಬರೂ ನಿವೃತ್ತರು, ಇಬ್ಬರಿಗೂ ಅಲಾಸ್ಕದ ಹುಚ್ಚು. ಅಕ್ಕಪಕ್ಕ ಕಟ್ಟಿದ ಅವಳಿ ಬೋಟುಗಳಲ್ಲಿ ಯಾವುದು ಅಂತ ಈ ವಾರವೇ ತೀರ್ಮಾನ ಮಾಡಬೇಕು, ಬೋಟು ಪರೀಕ್ಷಕನನ್ನು ಕರೆಸುವುದೆಲ್ಲ ಆಮೇಲೆ. ಶನಿವಾರ ಲಿಲ್ಲೆಮೋರ್ ನೋಡಿದರು. ತಣ್ಣಗಿದ್ದ ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತಂತೆ. ಹಾಲ್ವರನ ಎದೆ ಆ ಸಂಜೆ ಅಂಗಿಯಲ್ಲಿ ಹಿಡಿಸಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬುರಾದ ಸರದಿ. ಲೊರೀನ್ ಫೋನಿನಲ್ಲಿ ಒಂದೇ ಒಂದು ಮಾತು ಒತ್ತಿ ಹೇಳಿದ್ದಳು: "ನಾವು ಬರೋವರೆಗೆ ಎಂಜಿನ್ ಶುರು ಮಾಡಬೇಡಿ."

ಈ ವ್ಯಾಪಾರದಲ್ಲಿ ಅದೇ ದೊಡ್ಡ ಪರೀಕ್ಷೆ. ಹಳೇ ಡೀಸೆಲ್ ಎಂಜಿನ್ನಿನ ಬಂಡವಾಳ ಬಯಲಾಗುವುದು ಅದು ತಣ್ಣಗಿರುವಾಗ. ಕೆಮ್ಮುತ್ತದೋ, ಹೊಗೆ ಕಾರುತ್ತದೋ, ಮೊಂಡು ಬೀಳುತ್ತದೋ, ಎಲ್ಲ ಆಗ. ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಕತ್ತೆಯೂ ಕುದುರೆಯ ಹಾಗೆ ಓಡುತ್ತದೆ. ಅದಕ್ಕೇ ಕೊಳ್ಳುವವರು ಬಂದ ಕೂಡಲೇ ಮೊದಲು ಎಂಜಿನ್ನು ಮುಟ್ಟುತ್ತಾರೆ. ಬೆಚ್ಚಗಿದ್ದರೆ ಮಾರುವವನು ಮೋಸಗಾರ ಅಂತಲೇ ಲೆಕ್ಕ.

"ಮುಟ್ಟಿ ನೋಡಿಯಮ್ಮಾ, ಐಸ್ ಥರ ಇರುತ್ತೆ" ಅಂದಿದ್ದಳು ಟೊಂಕಾ. "ಇಲ್ಲದಿದ್ರೆ ನನ್ನ ಹೆಸರು ಟೊಂಕಾನೇ ಅಲ್ಲ."

ಭಾನುವಾರ ಬೆಳಗ್ಗೆ ಅವಳು ಬೇಗ ಬಂದು ಹಿತ್ತಾಳೆ ಉಜ್ಜುತ್ತಿದ್ದಳು. ಪಕ್ಕದ ಜಾಗ ಖಾಲಿಯಾಗಿತ್ತು. ಈ ಹೊತ್ತಿನಲ್ಲಿ ಎಲ್ಲಿಗೆ ಹೋದ ಇವನು ಅಂದುಕೊಳ್ಳುವಷ್ಟರಲ್ಲಿ ಫೋನು ಬಂತು.

"ಟೊಂಕಾ, ಬೋಟಲ್ಲಿದೀಯಾ?"

"ಇದೀನಿ. ನೀನೆಲ್ಲಿ ಹಾಳಾಗಿ ಹೋದೆ?"

"ಬಂದರಿನಾಚೆ, ಗ್ವೀಮಸ್ ಜಲಸಂಧೀಲಿ. ನಗಬಾರದು ಮತ್ತೆ."

"ನಗೋ ಅಂಥದ್ದಾ?"

"ಪ್ರೊಪೆಲ್ಲರಿಗೆ ಹಗ್ಗ ಸುತ್ಕೊಂಡಿದೆ."

"ಯಾರ ಹಗ್ಗ?"

"ನಂದೇ ಕಣೇ. ಏಡಿ ಪಂಜರದ್ದು."

ಅಯ್ಯೋ ದೇವರೇ! ಏಡಿ ಪಂಜರ ಎತ್ತುವಾಗ ಮೊದಲು ಗೇರು ಬಿಡಿಸಿ, ಹಗ್ಗ ಬೋಟಿನಡಿ ಹೋಗದಂತೆ ನೋಡ್ಕೊಳ್ಳಿ ಅಂತ ಬಂದರಿನ ಹೊಸಬರಿಗೆಲ್ಲ ಪಾಠ ಹೇಳುವವನೇ ಇವನು. ಊರಿಗೆಲ್ಲ ಬುದ್ಧಿ ಹೇಳಿ ತಾನೇ ಹಳ್ಳಕ್ಕೆ ಬಿದ್ದಿದ್ದ. ಟೊಂಕಾಗೆ ನಗು ಉಕ್ಕಿ ಬಂತು. ಆದರೆ ಅವನ ಮುಂದಿನ ಮಾತಿಗೆ ಅದು ನಿಂತುಹೋಯಿತು.

"ನೀರಿಳಿತದ ಸೆಳೆತ ಜೋರಾಗಿದೆ. ಲಂಗರು ಕಚ್ತಾ ಇಲ್ಲ, ತಳ ಬರೀ ಬಂಡೆ. ಕೆಟ್ಟ ಬೋಟು ಎಳೆಯೋ ಕಂಪನಿಯವರು ಬರೋಕೆ ಹೊತ್ತಾಗುತ್ತಂತೆ. ಅಷ್ಟರಲ್ಲಿ ನಾನು ಕಲ್ಲಿಗೆ ಹೋಗಿರ್ತೀನಿ."

ಟೊಂಕಾ ಗೋಡೆಯ ಗಡಿಯಾರ ನೋಡಿದಳು. ಎಂಜಿನ್ನಿನ ಮೇಲಿನ ಹಲಗೆ ನೋಡಿದಳು. ಈಗ ಶುರು ಮಾಡಿದರೆ ಹತ್ತು ಗಂಟೆಗೆ ಅದು ಕೆಂಡದಂತಿರುತ್ತದೆ. ಕೀಲಿಯ ಮೇಲೆ ಕೈ ತಡೆಯಿತು. ಅಷ್ಟೇ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕೀಲಿ ತಿರುಗಿಸಿದಳು. ಬುರಾ ಒಂದೇ ಸಲಕ್ಕೆ ಗುರ್ ಅಂತು. ಒಂದು ಎಳೆ ಹೊಗೆ ಇಲ್ಲ, ಒಂದು ಕೆಮ್ಮು ಇಲ್ಲ. ನೋಡಬೇಕಾದವರು ನೋಡಲು ಇರಲಿಲ್ಲ, ಅಷ್ಟೇ.

ಮೊಣಕಾಲು ನೋಯುತ್ತಿದ್ದರೂ ಎದ್ದು ನಿಂತೇ ಬೋಟು ಓಡಿಸಿದಳು. ಸೆಳೆತದಲ್ಲಿ ಅಡ್ಡ ತಿರುಗಿ ತೇಲುತ್ತಿದ್ದ ಲಿಲ್ಲೆಮೋರ್‌ನ ಹತ್ತಿರ ಬುರಾವನ್ನು ಅಳೆದಿಟ್ಟ ಹಾಗೆ ತಂದು ನಿಲ್ಲಿಸಿ ಹಗ್ಗ ಎಸೆದಳು. ಹಾಲ್ವರ್ ಹಿಡಿದು ಕಟ್ಟಿದ. ಹಿಂದೆ ಬಂಡೆಗಳ ಮೇಲೆ ಕೂತಿದ್ದ ನೀರುಕಾಗೆಗಳ ಕೊಕ್ಕು ಕಾಣುತ್ತಿತ್ತು, ಅಷ್ಟು ಹತ್ತಿರ ಹೋಗಿತ್ತು ಬೋಟು. ತನ್ನಷ್ಟೇ ತೂಕದ ಅವಳಿಯನ್ನು ಬುರಾ ಇಳಿತದ ಎದುರು ಎಳೆದು ತಂದಿತು. ಚುಕ್ಕಾಣಿ ಹಿಡಿದ ಟೊಂಕಾ ದಾರಿಯುದ್ದಕ್ಕೂ "ಭಲೇ ಮಗಳೇ, ಭಲೇ" ಅಂತಲೇ ಇದ್ದಳು.

ಜೆಟ್ಟಿಗೆ ಕಟ್ಟಿದ ಮೇಲೆ ಹಾಲ್ವರ್ ಹಗ್ಗ ಸುತ್ತುತ್ತ ನಿಂತ. ಏಡಿಗಳ ಬಕೆಟ್ಟು ಮಾತ್ರ ಭದ್ರವಾಗಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ.

"ಅವರಿಗೆ ಅಂತ ಏಡಿ ತರೋಕೆ ಹೋಗಿದ್ದೆ" ಅಂದ. ಆಮೇಲೆ, "ನಿನ್ನ ಎಂಜಿನ್ನು..."

"ಆರುತ್ತೆ ಬಿಡು."

"ಹತ್ತು ಗಂಟೆ ಒಳಗಾ?"

"ನಿನ್ನ ಕೆಲಸ ನೋಡ್ಕೊಳ್ಳೋ ಮಾರಾಯ."

ಆ ಜೆಟ್ಟಿಯಲ್ಲಿ ಒಂದು ಕಟ್ಟಳೆ ಉಂಟು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ನೀರಲ್ಲಿ ಒಬ್ಬರ ಬೋಟನ್ನು ಇನ್ನೊಬ್ಬರು ಎಳೆದು ತಂದರೆ, ಎಳೆದವರು ದಡದಲ್ಲಿ ಅದರ ಬಗ್ಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಆ ಕತೆ ಎಳೆಸಿಕೊಂಡವರ ಸ್ವತ್ತು. ಅವರೇ ಒಂದು ಬ್ಲ್ಯಾಕ್‌ಬೆರಿ ಹಣ್ಣು ತುಂಬಿದ ಪೈ ಮಾಡಿ ತಂದು, ಎಲ್ಲರೆದುರು ತಮ್ಮ ಬಾಯಿಂದಲೇ ಹೇಳಿಕೊಂಡು ನಗಿಸಬೇಕು. ಹಿಂದೊಮ್ಮೆ ಟೊಂಕಾಳೇ ಡೀಸೆಲ್ ಮುಗಿಸಿಕೊಂಡು ನಡುನೀರಲ್ಲಿ ನಿಂತಾಗ ಎಳೆದು ತಂದವನು ಹಾಲ್ವರ್. ಅವಳನ್ನು ಆಡಿಕೊಳ್ಳಲು ಅದಕ್ಕಿಂತ ಒಳ್ಳೇ ಅವಕಾಶ ಅವನಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಆದರೂ ಅವಳು ಪೈ ತಂದು ಹೇಳುವವರೆಗೆ ಅವನು ಬಾಯಿ ಬಿಟ್ಟಿರಲಿಲ್ಲ. ಅದು ಅವಳಿಗೆ ನೆನಪಿತ್ತು.

ಕಿಟಕಿ ಬಾಗಿಲು ತೆರೆದಳು. ನೆಲದ ಹಲಗೆ ಎತ್ತಿ ಮೇಜಿನ ಫ್ಯಾನನ್ನು ಎಂಜಿನ್ನಿಗೆ ತಿರುಗಿಸಿ ಇಟ್ಟಳು. ಎತ್ತಿನ ತೂಕದ ಕಬ್ಬಿಣ ಅದು, ಫ್ಯಾನಿನ ಗಾಳಿಗೆ ಬಗ್ಗುತ್ತದೆಯೇ?

ಹತ್ತು ಗಂಟೆಗೆ ಸರಿಯಾಗಿ ಟ್ಯಾಗರ್ಟ್ ದಂಪತಿ ಬಂದರು. ಲೊರೀನ್‌ಗೆ ಬುರಾ ಮೊದಲ ನೋಟಕ್ಕೇ ಹಿಡಿಸಿತು. ಒಲೆ ಮುಟ್ಟಿದಳು, ಹಾಸಿಗೆಯ ಮೇಲೆ ಕೂತಳು, ಡೆಕ್ಕಿನ ಮೇಲೆ ಕುಣಿದು ನೋಡಿದಳು.

"ಕರ್ಟಿಸ್, ಇಲ್ಲಿ ಎಲ್ಲೂ ಒದ್ದೆ ವಾಸನೆ ಇಲ್ಲ ನೋಡಿ. ಆ ಬೋಟಲ್ಲಿ ಕಿಟಕಿ ಹತ್ರ ಕಲೆ ಇತ್ತಲ್ಲ?"

"ಆದ್ರೆ ಆ ಬೋಟಿನ ಟ್ಯಾಂಕು ಹೊಸದು ಕಣೇ. ಟ್ಯಾಂಕು ಬದಲಾಯಿಸೋದು ಅಂದ್ರೆ ಮೂಗಿಗಿಂತ ಮೂಗುತಿ ಭಾರ."

"ಕಲೆ ಜೊತೆ ಮಲಗೋಳು ನಾನು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಿತ್ತು ಇಬ್ಬರದ್ದು. ಟೊಂಕಾಗೆ ಅವರ ಜಗಳ ಕೇಳಿ ಖುಷಿಯೇ ಆಯಿತು. ಇವರು ಬೋಟನ್ನು ಕಟ್ಟಿಹಾಕುವ ಜನ ಅಲ್ಲ, ಓಡಿಸುವ ಜನ. ಬುರಾ ಇವರ ಕೈಗೇ ಹೋಗಬೇಕು ಅಂತ ಮನಸ್ಸು ಒಂದೇ ಸಮ ಬೇಡುತ್ತಿತ್ತು. ಅಷ್ಟರಲ್ಲಿ ಕರ್ಟಿಸ್ ಗುಂಡಿಗೆ ಇಳಿದು ಎಂಜಿನ್ನಿನ ಮೇಲೆ ಅಂಗೈ ಇಟ್ಟ.

ಇಟ್ಟ ಕೈ ಹಾಗೇ ಇತ್ತು. ಇನ್ನೊಂದು ಕಡೆ ಮುಟ್ಟಿದ. ಹೆಂಡತಿಯ ಮುಖ ನೋಡಿದ.

"ಬೆಚ್ಚಗಿದೆ" ಅಂದ.

ಲೊರೀನ್ ಟೊಂಕಾಳ ಕಡೆ ತಿರುಗಿದಳು. "ಶುರು ಮಾಡಲ್ಲ ಅಂದಿದ್ರಿ."

"ಅಂದಿದ್ದೆ. ಬೆಳಗ್ಗೆ ಹೊರಗೆ ಹೋಗಬೇಕಾಯ್ತು."

"ಯಾಕೆ?"

"ಒಂದು ಕೆಲಸ ಇತ್ತು."

"ಏನು ಕೆಲಸ, ಇವತ್ತೇ ಮಾಡೋವಂಥದ್ದು?"

ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು ಸಾಕಿತ್ತು: ಪಕ್ಕದ ಬೋಟಿನ ಹಿಂಬದಿಗೆ ಹೋಗಿ ನೀರೊಳಗೆ ಇಣುಕಿ ನೋಡಿ ಅಂತ. ಟೊಂಕಾ ಬಾಯಿ ಮುಚ್ಚಿಯೇ ನಿಂತಳು. ಅವಳ ಅಪ್ಪ, ತಾತ, ಯಾರೂ ಎಳೆದ ಬೋಟಿನ ಹೆಸರು ಹೇಳಿ ಮೀನು ಮಾರಿದವರಲ್ಲ. ಎಪ್ಪತ್ತು ದಾಟಿದ ಮೇಲೆ ತಾನು ಶುರುಮಾಡುವುದೇ?

"ಹೇಳೋಕೆ ಆಗಲ್ಲ" ಅಂದಳು.

"ನಮ್ಮ ಚಿಕ್ಕಪ್ಪ ಹೇಳ್ತಿದ್ರು" ಅಂತ ಕರ್ಟಿಸ್ ಗುಂಡಿಯಿಂದ ಹತ್ತಿ ಕೈ ಒರೆಸಿಕೊಂಡ. ಪಾಪ, ಒರಟು ಮನುಷ್ಯನಲ್ಲ, ನೆಲ ನೋಡಿಕೊಂಡೇ ಹೇಳಿದ. "ಎಂಜಿನ್ ಬೆಚ್ಚಗಿದ್ರೆ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಹೊರಟುಬಿಡು ಅಂತ. ಕಾಫಿಗೆ ಥ್ಯಾಂಕ್ಸ್."

ಅವರು ಇಳಿದು ಹೋದರು. ಲೊರೀನ್ ಒಂದು ಸಲ ತಿರುಗಿ ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ಟೊಂಕಾ ತಡೆದುಕೊಳ್ಳುತ್ತಿದ್ದಳು, ಇದ್ದದ್ದು ಬೇಸರ. ಮೋಸಗಾತಿ! ಯಾರು, ತಾನು! ಕಿವಿ ಕಾದುಹೋಯಿತು. ಮೇಜಿನ ಮೇಲಿದ್ದ ಫ್ಯಾನನ್ನು ಒಂದೇಟಿಗೆ ಆರಿಸಿ, ಬೆಂಚಿನ ಮೇಲೆ ಕುಸಿದಳು. ಆದರೂ ಆ ಉರಿಯ ನಡುವೆಯೂ ಒಳಗೆಲ್ಲೋ ಬೆನ್ನು ನೆಟ್ಟಗೇ ಇತ್ತು. ಹೆಸರು ಹೋದರೂ ಜೆಟ್ಟಿಯ ಕಟ್ಟಳೆ ಉಳಿಸಿದ್ದಳಲ್ಲ.

ತೆರೆದ ಕಿಟಕಿಯಿಂದ ಪಕ್ಕದ ಬೋಟಿನ ಮಾತು ನಿಚ್ಚಳವಾಗಿ ಕೇಳುತ್ತಿತ್ತು. ಏಡಿ ಬೇಯುವ ವಾಸನೆಯೂ ಬರುತ್ತಿತ್ತು.

"ತೀರ್ಮಾನ ಆಯ್ತು ಹಾಲ್ವರ್ ಅವರೇ" ಅಂತ ಕರ್ಟಿಸ್‌ನ ದನಿ. "ನಿಮ್ಮ ಬೋಟೇ ತಗೊಳ್ತೀವಿ. ಪಕ್ಕದ್ದು ಚೆನ್ನಾಗೇ ಇತ್ತು. ಆದ್ರೆ ಆಯಮ್ಮ ಎಂಜಿನ್ ಬಿಸಿ ಮಾಡಿ ಇಟ್ಟಿದ್ರು."

ಟೊಂಕಾ ಉಸಿರು ಹಿಡಿದಳು. ಹಾಲ್ವರ್ ನಿಜ ಹೇಳದಿದ್ದರೆ ಅವನ ಬೋಟು ಮಾರಾಟವಾಯಿತು, ತನ್ನ ಹೆಸರು ಹೋಯಿತು. ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿತು.

"ಕೂತ್ಕೊಳ್ಳಿ" ಅಂದ ಹಾಲ್ವರ್. "ಈ ಏಡಿ ತಿನ್ನೋ ಮುಂಚೆ ಇದು ಹೇಗೆ ಬಂತು ಅಂತ ಕೇಳಿ. ಪೈ ಇಲ್ಲ, ಏಡಿಯೇ ಪೈ ಅಂದ್ಕೊಳ್ಳಿ."

ಹೇಳಿದ. ಒಂದನ್ನೂ ಬಿಡದೆ ಹೇಳಿದ. ತನ್ನ ಪಂಜರದ ಹಗ್ಗ ತನ್ನದೇ ಪ್ರೊಪೆಲ್ಲರಿಗೆ ಸುತ್ತಿಕೊಂಡದ್ದು, ಲಂಗರು ಕಚ್ಚದೇ ಇದ್ದದ್ದು, ಬಂಡೆ ಹತ್ತಿರ ಬಂದದ್ದು, ಫೋನು ಮಾಡಿದ್ದು. ದನಿ ಎತ್ತರಿಸಿ, ಇಡೀ ಜೆಟ್ಟಿಗೆ ಕೇಳಲಿ ಅನ್ನುವಂತೆ ಹೇಳಿದ. ಆಚೀಚೆ ಬೋಟಿನವರು ತಲೆ ಹೊರಗೆ ಹಾಕಿದರು.

"ಪ್ರೊಪೆಲ್ಲರ್ ತಿರುಗಿಸೋ ಶಾಫ್ಟು ಬಾಗಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ. ನಾಳೆ ಮುಳುಗಿ ನೋಡೋನು ಬರ್ತಾನೆ. ನಿಮಗೆ ಹೇಳದೇನೇ ಮಾರಿಬಿಡೋಣ ಅಂತ ಒಂದು ಗಂಟೆ ಹೊತ್ತು ಯೋಚನೆ ಮಾಡಿದ್ದೂ ನಿಜ. ಅವಳ ಎಂಜಿನ್ ಯಾಕೆ ಬೆಚ್ಚಗಿದೆ ಅಂದ್ರಾ? ಇಳಿತದ ಎದುರು ನನ್ನನ್ನ ಎಳ್ಕೊಂಡು ಬಂದಿದ್ದಕ್ಕೆ. ಇನ್ನೇನು ಪರೀಕ್ಷೆ ಬೇಕು ನಿಮಗೆ?"

"ಮತ್ತೆ ಅವರು ಯಾಕೆ ಹೇಳಲಿಲ್ಲ?" ಅಂದಳು ಲೊರೀನ್.

"ಅದು ನನ್ನ ಕತೆ ಅಮ್ಮಾ. ನಾನು ಹೇಳೋವರೆಗೆ ಅವಳು ಹೇಳಲ್ಲ. ಕೊರಳು ಕೊಯ್ದರೂ ಹೇಳಲ್ಲ. ಅಂಥವಳು ಅವಳು."

ಅಷ್ಟು ವರ್ಷದಲ್ಲಿ ಅವನ ಬಾಯಿಂದ ಟೊಂಕಾಗೆ ಬಂದ ಮೊದಲ ಹೊಗಳಿಕೆ, ಅದೂ ಜೆಟ್ಟಿಯಷ್ಟೂ ಜನ ಕೇಳುವ ಹಾಗೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಟ್ಯಾಗರ್ಟ್ ದಂಪತಿ ಮರಳಿ ಬುರಾದ ಮುಂದೆ ಬಂದು ನಿಂತರು. ಕರ್ಟಿಸ್ ಟೋಪಿ ತೆಗೆದ. "ತಪ್ಪಾಯ್ತು ಟೊಂಕಾ ಅವರೇ. ನಾವು ಇದನ್ನೇ..."

"ಏನೂ ಹೇಳಬೇಡಿ" ಅಂತ ಟೊಂಕಾ ಕೈ ಅಡ್ಡ ಹಿಡಿದಳು. "ಪಾಪ ಅಂತ ಯಾರೂ ನನ್ನ ಬೋಟು ಕೊಳ್ಳಬೇಕಾಗಿಲ್ಲ. ತಣ್ಣಗಿರುತ್ತೆ ಅಂತ ಮಾತು ಕೊಟ್ಟಿದ್ದೆ. ನಾಳೆ ಬೆಳಗ್ಗೆ ಬನ್ನಿ, ತಣ್ಣಗಿರುತ್ತೆ. ಆಗ ಮುಟ್ಟಿ, ಆಗ ಹೇಳಿ."

"ಯಾಕಿಮಾಗೆ ವಾಪಸ್ ಹೋಗಬೇಕಿತ್ತು..."

"ಅಲಾಸ್ಕಕ್ಕೆ ಹೋಗೋರಿಗೆ ಒಂದು ರಾತ್ರಿ ಕಾಯೋಕೆ ಆಗಲ್ವಾ?"

ಲೊರೀನ್ ನಕ್ಕಳು. ಉಳಿದರು.

ಸೋಮವಾರ ಬೆಳಗ್ಗೆ ಮಂಜು ಕವಿದಿತ್ತು. ಟೊಂಕಾ ಮೊದಲು ತನ್ನ ಬೋಟಿನ ಐಬುಗಳನ್ನೇ ತೋರಿಸಿದಳು: ಟ್ಯಾಂಕು ಹಳೆಯದು, ಒಂದು ಕಡೆ ತೇಪೆ ಇದೆ, ಕುಡಿಯುವ ನೀರಿನ ಪಂಪು ಗೊರಕೆ ಹೊಡೆಯುತ್ತದೆ. "ಟ್ಯಾಂಕಿನ ವಿಷಯದಲ್ಲಿ ಅವನ ಬೋಟೇ ವಾಸಿ. ಒಪ್ಕೊಳ್ಳೋಕೆ ಹೊಟ್ಟೆ ಉರಿಯುತ್ತೆ, ಆದ್ರೂ ನಿಜ." ಪಕ್ಕದ ಡೆಕ್ಕಿನ ಮೇಲೆ ಕಾಫಿ ಕುಡಿಯುತ್ತಿದ್ದ ಹಾಲ್ವರ್ ಕೆಮ್ಮಿದ.

ಕರ್ಟಿಸ್ ಇಳಿದು ಎಂಜಿನ್ನಿನ ಮೇಲೆ ಅಂಗೈ ಇಟ್ಟ. "ಐಸು" ಅಂದ.

ಟೊಂಕಾ ಕೀಲಿಯನ್ನು ಲೊರೀನಳ ಕೈಗೆ ಕೊಟ್ಟಳು. ತಿರುಗಿಸಿದಳೋ ಇಲ್ಲವೋ, ಬುರಾ ಗುರ್ ಅಂತು. ಲೊರೀನ್ ಕಣ್ಣು ಮುಚ್ಚಿ ತಲೆ ವಾಲಿಸಿ ಕೇಳಿದಳು. ಎಷ್ಟೋ ವರ್ಷ ಮಕ್ಕಳ ತುತ್ತೂರಿ ತಿದ್ದಿದ ಕಿವಿ ಅದು.

"ಒಂದು ಸ್ವರಾನೂ ತಪ್ಪಿಲ್ಲ" ಅಂದಳು. "ಕರ್ಟಿಸ್, ಕಾಗದಪತ್ರದ ಕೆಲಸ ನೋಡಿ."

ಪರೀಕ್ಷಕ ಬಂದು ಹೋದ, ಕಾಗದಪತ್ರ ಮುಗಿಯಿತು, ಬ್ಲ್ಯಾಕ್‌ಬೆರಿ ಹಣ್ಣಾಗುವ ಹೊತ್ತಿಗೆ ಬುರಾ ಹೊರಟಿತು. ಇಡೀ ಜೆಟ್ಟಿ ನಿಂತು ನೋಡಿತು. ಟೊಂಕಾ ಹಗ್ಗವನ್ನು ತಾನೇ ಬಿಚ್ಚಿ ಎಸೆದಳು. ಚುಕ್ಕಾಣಿಯಲ್ಲಿದ್ದ ಲೊರೀನ್ ಬಂದರಿನ ಬಾಯಿ ದಾಟುವಾಗ ಒಂದು ಉದ್ದ ಹಾರ್ನು ಊದಿದಳು. ಟೊಂಕಾ ಅತ್ತಳು, ಅಳುತ್ತಲೇ ತಲೆ ಎತ್ತಿ ನಿಂತಿದ್ದಳು. ನೀರು ಸೀಳಿಕೊಂಡು ಹೋಗುವ ಆ ಗತ್ತು ನೋಡಿ, ಯಾರ ಬೋಟು ಅದು!

ಹಾಲ್ವರ್ ಪಕ್ಕಕ್ಕೆ ಬಂದು ನಿಂತ.

"ಒಂದು ವರ್ಷದಲ್ಲಿ ಮಾರ್ತೀಯ ಅಂದಿದ್ದೆ ನಾನು."

"ಅಂದಿದ್ದೆ."

"ಸ್ವಲ್ಪ ಹೆಚ್ಚುಕಮ್ಮಿ ಆಯ್ತು."

ಟೊಂಕಾ ಕಣ್ಣೀರಿನಲ್ಲೇ ಗಹಗಹಿಸಿ ನಕ್ಕಳು. ನಕ್ಕು ತಿರುಗಿದರೆ ಲಿಲ್ಲೆಮೋರ್‌ನ ಕಿಟಕಿಯಲ್ಲಿ ಬೋರ್ಡು ಇರಲಿಲ್ಲ.

"ಶಾಫ್ಟು ನೆಟ್ಟಗಿದೆಯಂತಲ್ಲ. ಬೋರ್ಡೆಲ್ಲಿ?"

"ತೆಗೆದೆ. ಬೋಟು ಮಾರಿದ ಮೇಲೆ ನೀನು ಈ ಕಡೆ ಬರಲ್ಲ ಅಂತ ಹಾಕಿದ್ದು. ಒಬ್ಬನೇ ಇಲ್ಲಿ ಯಾರ ಹತ್ರ ಜಗಳ ಆಡ್ಲಿ?" ಹಾಲ್ವರ್ ಕೆನ್ನೆ ಕೆರೆದುಕೊಂಡ. "ಆದ್ರೆ ಇನ್ಮೇಲೆ ಎಳ್ಕೊಂಡು ಬರೋಕೆ ಪಕ್ಕದಲ್ಲಿ ಬೋಟೂ ಇಲ್ಲ. ಅದಕ್ಕೇ, ನಾಳೆ ಏಡಿಗೆ ಹೋಗುವಾಗ ನೀನೂ ಬಾ. ಹಗ್ಗ ಹಿಡ್ಕೊಳ್ಳುವಿಯಂತೆ."

"ಹಗ್ಗ ನೀನೇ ಹಿಡ್ಕೋ" ಅಂದಳು ಟೊಂಕಾ. "ಚುಕ್ಕಾಣಿ ನಂದು."

ಲಿಲ್ಲೆಮೋರ್‌ನ ಚುಕ್ಕಾಣಿಯನ್ನು ಆ ಮನುಷ್ಯ ಯಾರಿಗೂ ಮುಟ್ಟಗೊಟ್ಟವನಲ್ಲ. ಅವನು ಜೇಬಿಗೆ ಕೈ ಹಾಕಿದ, ಕೀಲಿ ತೆಗೆದ, ಅವಳ ಅಂಗೈ ಮೇಲೆ ಇಟ್ಟ.